ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದೆಲ್ಲ ಅದರಿಂದಲೇ ಆದದ್ದು. ಅಕ್ಕ ನನ್ನನ್ನು ಚಿಕ್ಕಂದಿನಿಂದ ಮುಂಗೋಪಿ ಎಂದೇ ಕರೆಯುತ್ತಾಳೆ. ನಾನು ಅವಳಿಗೆ ಇಟ್ಟ ಹೆಸರು ರೇಡಿಯೋ. ಅವಳು ಅಡುಗೆಮನೆಯಲ್ಲಿ ಮಾತಾಡಿದರೆ ಬೀದಿ ಕೊನೆಯ ಹೊಲಿಗೆ ಅಂಗಡಿಯವನು ಅಲ್ಲಿಂದಲೇ ‘ಹೌದಾ?’ ಅನ್ನುತ್ತಿದ್ದ, ಅಷ್ಟು ದೊಡ್ಡ ದನಿ.

ನಾನು ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಅದು ಹೊಟ್ಟೆಪಾಡಿನ ಕೆಲಸ. ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ: ಕಪ್ಪುಪಟ್ಟಿ ನೋಡಿಕೊಳ್ಳುವುದು. ಇಮೇಲ್ ಕಳಿಸುವ ಪ್ರತಿಯೊಂದು ಯಂತ್ರಕ್ಕೂ ಮನೆ ನಂಬರಿನಂತೆ ಒಂದು ನಂಬರಿರುತ್ತದೆ. ಯಾವ ನಂಬರಿನಿಂದ ಕಸದ ಇಮೇಲ್ ಹೊರಡುತ್ತದೋ ಆ ನಂಬರನ್ನು ನಾನು ಪಟ್ಟಿಗೆ ಸೇರಿಸುತ್ತೇನೆ. ಮುನ್ನೂರು ಚಿಲ್ಲರೆ ಕಚೇರಿ, ಕಾಲೇಜು, ಆಸ್ಪತ್ರೆಗಳ ಯಂತ್ರಗಳು ಬಾಗಿಲಿಗೆ ಪತ್ರ ಬಂದ ಕೂಡಲೇ ನನ್ನ ಪಟ್ಟಿಯನ್ನು ಕೇಳುತ್ತವೆ, ಇವನನ್ನು ಒಳಗೆ ಬಿಡಲೇ ಎಂದು. ಬೇಡ ಎಂದು ಪಟ್ಟಿ ಹೇಳಿದರೆ ಪತ್ರ ಬಾಗಿಲಿನಿಂದಲೇ ವಾಪಸ್. ಹದಿನೈದು ವರ್ಷದಿಂದ ಇದನ್ನು ಒಬ್ಬನೇ ನಡೆಸುತ್ತಿದ್ದೇನೆ. ಮದುವೆ ಮಾಡಿಕೊಳ್ಳಲಿಲ್ಲ. ಮಲಗುವ ಕೋಣೆಯಲ್ಲಿ ಎರಡು ಯಂತ್ರ, ಒಂದು ಫ್ಯಾನು, ಒಂದು ಮೇಜು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಹಿಂಬದಿಯ ಮೆಟ್ಟಿಲು ಕಾಣುತ್ತದೆ. ಅಲ್ಲಿ ಯಾರೂ ಹತ್ತುವುದಿಲ್ಲ, ಇಳಿಯುವುದಿಲ್ಲ.

ಈ ಪಟ್ಟಿ ನನ್ನ ಖಯಾಲಿಯಿಂದ ಹುಟ್ಟಿದ್ದಲ್ಲ. ನಮ್ಮ ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಕಾವಲುಗಾರನಿದ್ದ, ಒಳ್ಳೆಯ ಮನುಷ್ಯ. ಸಕ್ಕರೆ ಕಾಯಿಲೆ ಮೂರೇ ತಿಂಗಳಲ್ಲಿ ಮಾಯ ಎಂದು ಅವನಿಗೊಂದು ಇಮೇಲ್ ಬಂತು. ಆಸ್ಪತ್ರೆಯ ಬಾಗಿಲು ಕಾಯುತ್ತಲೇ ಆಸ್ಪತ್ರೆಯ ಮಾತ್ರೆ ಬಿಟ್ಟು ಆ ಗುಳಿಗೆ ನುಂಗಿದ. ಎಡಗಾಲು ತೆಗೆಯಬೇಕಾಯಿತು. ಅವನನ್ನು ಗಾಲಿಕುರ್ಚಿಯಲ್ಲಿ ನೋಡಿದ ದಿನವೇ ನಾನು ಮೊದಲ ನಂಬರನ್ನು ಪಟ್ಟಿಗೆ ಬರೆದದ್ದು. ಹಾಗಾಗಿ ಯಾರಾದರೂ ‘ಒಂದು ಇಮೇಲಿಗೆ ಇಷ್ಟು ಕೋಪವೇ?’ ಎಂದರೆ ನನ್ನ ಮೈ ಉರಿಯುತ್ತದೆ.

ನನ್ನ ನಿಯಮ ಸರಳ. ಒಂದು ನಂಬರಿನಿಂದ ಕಸ ಬಂದರೆ ಆ ನಂಬರಿನ ಒಡೆಯನಿಗೆ, ಅಂದರೆ ಇಮೇಲ್ ಸೇವೆ ಮಾರುವ ಕಂಪನಿಗೆ, ದೂರು ಕೊಡುತ್ತೇನೆ. ಅವನು ಕಸದವನನ್ನು ಹೊರಗೆ ಹಾಕಿದರೆ ಸರಿ. ಒಂಬತ್ತು ದೂರಿಗೂ ಬಾಯಿ ಬಿಡದಿದ್ದರೆ ಆ ಒಂದು ನಂಬರನ್ನಲ್ಲ, ಅವನ ಇಡೀ ಬೀದಿಯನ್ನೇ, ಅಂದರೆ ಅದರ ಅಕ್ಕಪಕ್ಕದ ನಂಬರುಗಳನ್ನೆಲ್ಲ, ಮುಚ್ಚುತ್ತೇನೆ. ಆ ಬೀದಿಯಲ್ಲಿ ಶಾಲೆ ಇರಬಹುದು, ಹೂವಿನ ಅಂಗಡಿ ಇರಬಹುದು, ಯಾರೋ ಮುದುಕರಿರಬಹುದು. ಅವರೆಲ್ಲ ನನಗೆ ಬೈದು ಬರೆಯುತ್ತಿದ್ದರು. ನಾನು ಎಲ್ಲರಿಗೂ ಒಂದೇ ಗಾದೆ ಹೇಳುತ್ತಿದ್ದೆ: ಸಗಣಿಯವನ ಸ್ನೇಹಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು. ಒಳ್ಳೆಯ ಕಂಪನಿ ನೋಡಿಕೊಳ್ಳಿ. ಗಿರಾಕಿಗಳು ಕೈಬಿಟ್ಟರೆ ಮಾತ್ರ ಒಡೆಯನಿಗೆ ಬುದ್ಧಿ ಬರುತ್ತದೆ.

ಇನ್ನೊಂದು ಮಾತು ಹೇಳಬೇಕು. ವಾಪಸಾಗುವ ಪತ್ರದ ಜೊತೆ ಕಾರಣ ತಿಳಿಸುವ ಒಂದೆರಡು ಸಾಲು ಹೋಗುತ್ತವೆ. ಬೇರೆ ಕಚೇರಿಗಳವರು ಅದನ್ನು ಸಭ್ಯವಾಗಿ ಬರೆದುಕೊಂಡಿದ್ದರು. ನನ್ನ ಸ್ವಂತ ಅಂಚೆಪೆಟ್ಟಿಗೆಗೆ ನಾನೇ ಬರೆದದ್ದು, ಕಾವಲುಗಾರನ ಕಾಲು ಹೋದ ವಾರದಲ್ಲಿ: ‘ನಿಮ್ಮ ಪತ್ರವನ್ನು ನಾನು ತೆಗೆದುಕೊಳ್ಳುವುದಿಲ್ಲ. ನಿಮ್ಮಂಥವರ ಸಹವಾಸ ನನಗೆ ಬೇಡ. ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ.’ ಇದು ಯಂತ್ರ ಕೊಡುವ ಉತ್ತರ ಎಂದಾದರೂ ಸೇರಿಸು ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಕಳ್ಳನಿಗೆ ಮರ್ಯಾದೆ ಯಾಕೆ ಎಂದು ನಾನು ಸೇರಿಸಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ನನಗೆ ಉಣಿಸಿದ್ದು, ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು ಎಲ್ಲ ಅವಳೇ. ಭಾವ ತೀರಿಕೊಂಡ ಮೇಲೆ ಅವಳೂ ಒಂಟಿ. ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಎರಡು ಕೋಣೆಯ ಮನೆ. ದಿನಾ ಬೆಳಿಗ್ಗೆ ಏಳಕ್ಕೆ ಅವಳ ಫೋನು. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎದುರುಮನೆಯ ಬೆಕ್ಕು ಎಲ್ಲಿ ಮರಿ ಹಾಕಿತು, ಲೈಬ್ರರಿಯ ಹೆಂಗಸು ಯಾವ ಪುಸ್ತಕ ಕೊಟ್ಟಳು. ನಲವತ್ತು ನಿಮಿಷ. ನಾನು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕೆಲಸ ಮಾಡಿಕೊಳ್ಳುತ್ತಾ ಆಗಾಗ ‘ಹೂಂ’ ಅನ್ನುತ್ತಿದ್ದೆ. ಕೊನೆಗೆ ಅವಳು ‘ಇಡ್ತೀನಿ’ ಅನ್ನುತ್ತಿದ್ದಳು. ಹಾಗೆ ಮೂರು ಸಲ ಅಂದ ಮೇಲೆ ಇಡುತ್ತಿದ್ದಳು.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಒಂದೇ ಕಂಪನಿಯ ಒಂದು ನಂಬರಿನಿಂದ ಹನ್ನೊಂದು ಸಾವಿರ ಗುಳಿಗೆಯ ಇಮೇಲ್ ಬಂದು ಬಿದ್ದವು. ಅದೇ ಸಕ್ಕರೆ ಕಾಯಿಲೆ, ಅದೇ ಮೂರು ತಿಂಗಳು. ಕಂಪನಿಯ ಒಡೆಯನಿಗೆ ನಾನು ಮೌನಿ ಎಂದು ಹೆಸರಿಟ್ಟಿದ್ದೆ, ಯಾಕೆಂದರೆ ಅದಕ್ಕೆ ಹಿಂದಿನ ಒಂಬತ್ತು ವಾರದಲ್ಲಿ ಒಂಬತ್ತು ದೂರು ಕೊಟ್ಟಿದ್ದರೂ ಅವನದು ತುಟಿ ಪಿಟಕ್ಕೆನ್ನದ ಮೌನ. ನಾನು ಕೆಂಡವಾಗಿ ಕೂತಿದ್ದಾಗ ಅಕ್ಕನ ಫೋನು ಬಂತು. ಅವತ್ತು ನಲ್ಲಿಯ ಸಮಾಚಾರವೇ ಹತ್ತು ನಿಮಿಷ ನಡೆಯಿತು.

‘‘ಅಕ್ಕಾ, ನಿನ್ನ ಬಾಯಿಗೆ ಬೀಗ ಹಾಕೋರೇ ಇಲ್ವಾ?’’ ಎಂದು ಕೂಗಿದೆ. ‘‘ಇನ್ಮೇಲೆ ನಂಗೆ ಫೋನ್ ಮಾಡ್ಬೇಡ. ಏನಿದ್ರೂ ಬರೆದು ಕಳಿಸು. ಪುರ್ಸೊತ್ತಾದಾಗ ಓದ್ಕೋತೀನಿ.’’

ಅವಳು ‘ಇಡ್ತೀನಿ’ ಎಂದು ಒಂದೇ ಸಲ ಅಂದು ಇಟ್ಟಳು. ನಾನು ಅದೇ ಕೋಪದಲ್ಲಿ ಮೌನಿಯ ಇಡೀ ಬೀದಿಯನ್ನು, ಇನ್ನೂರೈವತ್ತಾರು ನಂಬರುಗಳನ್ನು, ಪಟ್ಟಿಗೆ ಸೇರಿಸಿ ಸ್ನಾನಕ್ಕೆ ಹೋದೆ.

ಮಾರನೆಯ ದಿನ ಏಳಕ್ಕೆ ಫೋನು ಬರಲಿಲ್ಲ. ಒಂದು ವಾರ ನಿರಾಳವಾಗಿತ್ತು, ಸುಳ್ಳು ಹೇಳುವುದಿಲ್ಲ. ಎರಡನೇ ವಾರ ಏಳು ಗಂಟೆಗೆ ಸುಮ್ಮನೆ ಫೋನಿನ ಕಡೆ ನೋಡತೊಡಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೂ ಗೊತ್ತು. ನಾನೇ ಫೋನ್ ಮಾಡಬಹುದಿತ್ತು. ಆದರೆ ಅವಳು ದೊಡ್ಡವಳು, ಅವಳೇ ಮಾಡಲಿ ಅಂದುಕೊಂಡೆ. ತಪ್ಪು ಮಾಡಿದ್ದು ನಾನು, ಕಾಯಬೇಕಾದದ್ದು ಅವಳು ಎಂಬ ಈ ಲೆಕ್ಕ ನಮ್ಮ ಮನೆತನದ್ದು. ತಿಂಗಳುಗಳು ಹೋದವು. ಆಸ್ಪತ್ರೆಯಲ್ಲಿ ನಮಸ್ಕಾರ ಅನ್ನುತ್ತಾರೆ, ಪ್ರಿಂಟರ್ ಕೆಟ್ಟಿದೆ ಅನ್ನುತ್ತಾರೆ. ಅದು ಬಿಟ್ಟು ನನ್ನೊಡನೆ ಒಂದು ಪೂರ್ತಿ ವಾಕ್ಯ ಮಾತಾಡುವವರೇ ಇಲ್ಲ ಎಂಬುದು ಆ ದಿನಗಳಲ್ಲಿ ತಿಳಿಯಿತು. ಎಷ್ಟೋ ಭಾನುವಾರಗಳಲ್ಲಿ ನನ್ನ ದನಿ ನನಗೇ ಕೇಳಿಸಿದ್ದು ಹಾಲಿನವನು ಬಂದಾಗ ಮಾತ್ರ.

ಹೋದ ತಿಂಗಳು ಮೌನಿಯ ಕಂಪನಿಯಿಂದ ಅರ್ಜಿ ಬಂತು. ಪಟ್ಟಿಯಿಂದ ಬಿಡಿಸಿಕೊಳ್ಳಲು ನನ್ನ ವೆಬ್‌ಸೈಟಿನಲ್ಲಿ ಒಂದು ಫಾರಂ ಇದೆ. ಅದರಲ್ಲಿ ಮೂರು ಪ್ರಶ್ನೆ. ಏನಾಯಿತು? ಏನು ಸರಿಮಾಡಿದಿರಿ? ತಪ್ಪಿಲ್ಲದಿದ್ದರೂ ವಾಪಸಾದ ಐದು ಪತ್ರಗಳ ನಕಲು ಎಲ್ಲಿ? ಭರ್ತಿ ಮಾಡಿದ್ದು ಹೊಸದಾಗಿ ಸೇರಿದ ಗುಮಾಸ್ತೆಯೊಬ್ಬಳು. ಮೊದಲ ಪ್ರಶ್ನೆಗೆ ಪ್ರಾಮಾಣಿಕವಾಗಿ ಬರೆದಿದ್ದಳು: ದೂರು ಬರುವ ಪೆಟ್ಟಿಗೆಯ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ತಾನು ತೆರೆದಾಗ ನಾಲ್ಕು ಸಾವಿರ ದೂರುಗಳಿದ್ದವು, ಅವುಗಳಲ್ಲಿ ಒಂಬತ್ತು ನನ್ನವು. ಎರಡನೇ ಪ್ರಶ್ನೆಗೆ ಉತ್ತರ ಅರೆಬರೆ. ಗುಳಿಗೆಯವನನ್ನು ಹೊರಗೆ ಹಾಕಿದ್ದಾರೆ, ಆದರೆ ಅಂಥ ಇನ್ನೊಬ್ಬ ಬಂದರೆ ತಿಳಿಯುವ ಏರ್ಪಾಡು ಇನ್ನೂ ಆಗಿಲ್ಲ.

ಅರ್ಜಿ ತಿರಸ್ಕರಿಸಲು ಅಷ್ಟು ಸಾಕಿತ್ತು. ಆದರೂ ನಿಯಮ ನಿಯಮವೇ, ನಕಲುಗಳನ್ನು ಓದಲು ಕುಳಿತೆ. ಮೊದಲನೆಯದು ಶಾಲೆಯ ರಜೆಯ ನೋಟೀಸು. ಎರಡನೆಯದು, ಮೂರನೆಯದು ಹೂವಿನ ಅಂಗಡಿಯವು. ನಾಲ್ಕನೆಯದು ಯಾರದೋ ಕೆಲಸದ ಅರ್ಜಿ. ಐದನೆಯದರ ಮೇಲೆ ಗುಮಾಸ್ತೆ ಒಂದು ಟಿಪ್ಪಣಿ ಹಾಕಿದ್ದಳು: ‘ಈ ಹಿರಿಯರು ಲೈಬ್ರರಿಯ ಮೂಲಕ ನಮ್ಮಲ್ಲಿ ವಿಳಾಸ ಪಡೆದವರು. ಹದಿನಾಲ್ಕು ಸಲ ಬರೆದಿದ್ದಾರೆ. ಒಪ್ಪಿಗೆ ಪಡೆದೇ ಲಗತ್ತಿಸಿದ್ದೇನೆ. ದಯವಿಟ್ಟು ಓದಿ ಸಾರ್.’

ಯಾರಿಗೆ ಎಂಬಲ್ಲಿ ನನ್ನ ವಿಳಾಸವಿತ್ತು.

‘ತಮ್ಮಾ ಮುಂಗೋಪಿ, ಬರೆದು ಕಳಿಸು ಅಂದಿದ್ದೆ ಅಂತ ಲೈಬ್ರರಿಯಲ್ಲಿ ಇದನ್ನ ಕಲಿತೆ. ಮಂಗಳವಾರ ಮಾತ್ರ ಕಂಪ್ಯೂಟರ್ ಕೊಡ್ತಾರೆ. ನೀನು ಬೇಡ ಬೇಡ ಅಂತ ಉತ್ತರ ಕೊಡ್ತಾನೇ ಇದ್ದೀಯ, ಆದ್ರೂ ಇದೊಂದು ಹೇಳಲೇಬೇಕು. ನನ್ನ ಗಂಟಲಲ್ಲಿ ಗಂಟು ಬಂದಿದೆ. ಒಳ್ಳೇದಲ್ಲವಂತೆ. ಧ್ವನಿಪೆಟ್ಟಿಗೆ ತೆಗೆದರೆ ಜೀವಕ್ಕೆ ಭಯ ಇಲ್ಲ ಅಂತಾರೆ ಡಾಕ್ಟ್ರು. ಹದಿನೆಂಟಕ್ಕೆ ಸೇರ್ಕೋಬೇಕು. ಅದಕ್ಕೆ ಮುಂಚೆ ನೀನೇ ಒಂದ್ಸಲ ಫೋನ್ ಮಾಡು. ನಾನು ಮಾಡಲ್ಲ, ನೀನು ಬೇಡ ಅಂದಿದ್ದೀಯ. ಆಮೇಲೆ ಮಾಡಿದ್ರೆ ನಂಗೆ ಮಾತಾಡೋಕಾಗಲ್ಲ ಕಣೋ. ನನ್ನ ಬಾಯಿಗೆ ಬೀಗ ಹಾಕೋರು ಸಿಕ್ಕಿದ್ದಾರೆ ನೋಡು. ಒಂದೇ ನಿಮಿಷ ಸಾಕು. ನಲ್ಲಿ ವಿಷಯ ಎತ್ತಲ್ಲ.’

ತಾರೀಖು ನೋಡಿದೆ. ಪತ್ರ ಬರೆದು ನಾಲ್ಕು ತಿಂಗಳಾಗಿತ್ತು. ಹದಿನೆಂಟು ದಾಟಿ ಹೋಗಿತ್ತು.

ನನ್ನ ಅಂಚೆಪೆಟ್ಟಿಗೆಯ ಬಾಗಿಲಿನಿಂದ ದಿನಕ್ಕೆ ಆರುನೂರು ಪತ್ರ ವಾಪಸಾಗುತ್ತವೆ. ಅವು ಯಾರವು ಎಂದು ದಾಖಲೆ ತೆರೆದು ನೋಡುವ ಅಭ್ಯಾಸ ನನಗಿರಲಿಲ್ಲ. ಅವತ್ತು ನೋಡಿದೆ. ಹದಿನಾಲ್ಕು ಸಾಲು, ಎಲ್ಲವೂ ಮಂಗಳವಾರ, ಒಂದೊಂದರ ಮುಂದೆಯೂ ‘ತಿರಸ್ಕೃತ’. ಗಂಟಲಿನ ಡಾಕ್ಟರ್ ದಿನಾ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನ್ನ ಪಕ್ಕದ ಮೇಜಿನಲ್ಲೇ ಊಟ ಮಾಡುತ್ತಾರೆ. ಒಂದು ಮಾತು ಕೇಳಿದ್ದರೆ ತಾವೇ ನಿಂತು ನೋಡಿಕೊಳ್ಳುತ್ತಿದ್ದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಐವತ್ತೆಂಟು ವರ್ಷದ ಗಂಡಸು ಗಟ್ಟಿಯಾಗಿ ಅತ್ತರೂ ಆ ಕಟ್ಟಡದಲ್ಲಿ ಯಾರೂ ಬಾಗಿಲು ತಟ್ಟಲಿಲ್ಲ.

ಆಮೇಲೆ ಫೋನ್ ಮಾಡಿದೆ. ಐದನೇ ರಿಂಗಿಗೆ ಎತ್ತಿದಳು. ಏನೂ ಕೇಳಿಸಲಿಲ್ಲ. ಉಸಿರಿನ ಸದ್ದು ಮಾತ್ರ, ಅದೂ ಒಣಎಲೆ ಎಳೆದ ಹಾಗೆ.

‘‘ಅಕ್ಕಾ,’’ ಅಂದೆ. ‘‘ನಾನು.’’

ಬೆರಳಿನಿಂದ ಫೋನನ್ನು ಒಮ್ಮೆ ತಟ್ಟಿದಳು.

‘‘ನಾಳೆ ಬರ್ತೀನಿ.’’

ಇನ್ನೊಮ್ಮೆ ತಟ್ಟಿ ಇಟ್ಟಳು.

ಮೊದಲ ಬಸ್ಸು ಹಿಡಿದು ಹೋದೆ. ಬಾಗಿಲು ತೆರೆದವಳು ಅಕ್ಕನೇ, ಆದರೆ ಅರ್ಧ ಆಗಿದ್ದಳು. ಕುತ್ತಿಗೆಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡಿದ್ದಳು, ಅದರ ಹಿಂದಿನಿಂದ ಉಸಿರು ಬರುತ್ತಿತ್ತು. ಅವಳ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಗೋಡೆ ಗಡಿಯಾರ ಇದೆ ಎಂಬುದೇ ನನಗೆ ಅವತ್ತು ಗೊತ್ತಾಯಿತು. ಅವಳು ಕುರ್ಚಿ ತೋರಿಸಿ, ಕಾಫಿ ಇಟ್ಟು, ಒಂದು ರೂಲ್ ಪುಸ್ತಕ ತಂದು ಎದುರು ಕುಳಿತಳು.

‘ಸಣ್ಣ ಆಗಿದ್ದೀಯ’ ಎಂದು ಬರೆದಳು.

‘‘ಆಸ್ಪತ್ರೆಯಲ್ಲಿ ನಿನ್ನ ಜೊತೆ ಯಾರಿದ್ರು?’’

‘ಲೈಬ್ರರಿಯವಳು. ಎಂಟು ದಿನ.’

ಅವಳು ಎದ್ದು ಬೀರುವಿನಿಂದ ಒಂದು ಫೈಲು ತಂದಳು. ಒಳಗೆ ಹದಿನಾಲ್ಕು ಹಾಳೆ, ಅಂಚು ಕೂಡಿಸಿ ದಾರ ಕಟ್ಟಿದ್ದಳು. ಪ್ರತಿ ಹಾಳೆಯಲ್ಲೂ ನನ್ನ ವಿಳಾಸ, ಅದರ ಕೆಳಗೆ ಅದೇ ಮೂರು ಸಾಲು.

‘ನಿನ್ನ ಉತ್ತರಗಳು’ ಎಂದು ಬರೆದಳು. ‘ನಾನು ಬರೆದದ್ದನ್ನೆಲ್ಲ ಅಳಿಸಿಬಿಟ್ಟೆ. ಗಂಟಲಿನ ವಿಷಯ ಬರೆದಿದ್ದು ಮಾತ್ರ ಲೈಬ್ರರಿಯವಳು ಎತ್ತಿಟ್ಟುಕೊಂಡಿದ್ದಳು. ಇದು ನೀನು ಬರೆದದ್ದು ಅಂತ ಇಟ್ಕೊಂಡೆ.’

ದಾರಿಯುದ್ದಕ್ಕೂ ಒಂದು ಮಾತನ್ನು ಸಿದ್ಧ ಮಾಡಿಕೊಂಡಿದ್ದೆ: ಅದು ಯಂತ್ರ ಅಕ್ಕಾ, ನಾನಲ್ಲ. ಅವಳ ಎದುರು ಅದು ಬಾಯಿಗೆ ಬರಲಿಲ್ಲ. ಮೂರು ಸಾಲೂ ನನ್ನವೇ. ಪಟ್ಟಿ, ಬೀದಿ, ಗುಳಿಗೆ, ಕಾವಲುಗಾರನ ಕಾಲು, ಮೌನಿ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು ಮಧ್ಯೆ ಪೆನ್ನು ಮುಟ್ಟದೆ ಪೂರ್ತಿ ಕೇಳಿದಳು. ಮೊದಲಾಗಿದ್ದರೆ ಹದಿನೈದು ಸಲ ಬಾಯಿ ಹಾಕುತ್ತಿದ್ದಳು.

‘‘ನಾನೇ ಬರೆದದ್ದು. ಆದ್ರೆ ನಿನಗೆ ಬರೆದಿದ್ದಲ್ಲ ಅಕ್ಕಾ.’’

‘ಮತ್ತೆ ಯಾರಿಗೆ?’

‘‘ಕಳ್ಳರಿಗೆ.’’

ಅವಳು ಹಾಳೆ ತಿರುಗಿಸಿದಳು. ಆಮೇಲೆ ಬರೆದಳು: ‘ಕಳ್ಳರು ಓದಿದ್ರಾ?’

ಹದಿನೈದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕಸ ಕಳಿಸುವವನು ಒಂದೇ ಏಟಿಗೆ ಹನ್ನೊಂದು ಸಾವಿರ ಕಳಿಸುತ್ತಾನೆ. ಕಳಿಸಿದವನ ಹೆಸರೇ ಸುಳ್ಳು, ವಾಪಸ್ ಬಂದದ್ದು ಅವನನ್ನು ಮುಟ್ಟುವುದೇ ಇಲ್ಲ. ವಾಪಸ್ ಬಂದ ಪತ್ರವನ್ನು ತೆರೆದು, ಏನು ತಪ್ಪಾಯಿತೋ ಎಂದು ಓದುವವರು ತಪ್ಪು ಮಾಡದವರು ಮಾತ್ರ.

‘‘ಇಲ್ಲ,’’ ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ’ ಎಂದು ಬರೆದು, ಪಕ್ಕದಲ್ಲಿ ಬಾಲ ಎತ್ತಿದ ಒಂದು ಎಮ್ಮೆಯ ಚಿತ್ರ ಬಿಡಿಸಿದಳು. ನನಗೆ ನಗು ಬಂತು, ಅವಳಿಗೂ ಬಂತು. ಆದರೆ ಅವಳ ನಗುವಿನಲ್ಲಿ ಹೆಗಲು ಮಾತ್ರ ಅಲುಗಿತು. ಬೀದಿ ಕೊನೆಗೆ ಕೇಳಿಸುತ್ತಿದ್ದ ನಗು ಅದು.

‘‘ಈಗಲೇ ನಿನ್ನ ವಿಳಾಸ ಬಿಡಿಸ್ತೀನಿ,’’ ಎಂದು ಲ್ಯಾಪ್‌ಟಾಪ್ ತೆಗೆದೆ. ಅವಳು ಕೈ ಹಿಡಿದಳು.

‘ನನ್ನೊಬ್ಬಳದಾ? ಶಾಲೆ, ಹೂವಿನವನು?’

‘‘ಅವರ ಕಂಪನಿ ಇನ್ನೂ ಪೂರ್ತಿ ಸರಿ ಮಾಡಿಲ್ಲ ಅಕ್ಕಾ. ಬಿಟ್ರೆ ನಾಳೆ ಇನ್ನೊಬ್ಬ ಗುಳಿಗೆಯವನು ಬಂದು ಕೂರ್ತಾನೆ. ಒಡೆಯನಿಗೆ ಬಿಸಿ ಮುಟ್ಟಬೇಕು.’’

‘ಒಡೆಯನಿಗೆ ಮುಟ್ಟಿಸು. ಅವನ ಮನೆಗೆ ಫೋನ್ ಮಾಡಿ ಕೂಗಾಡು. ಕೂಗಾಡೋದು ನಿಂಗೆ ಚೆನ್ನಾಗಿ ಬರುತ್ತೆ.’ ಅದರ ಕೆಳಗೆ ಇನ್ನೂ ಒಂದು ಸಾಲು: ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ಬೇಡ.’

ಇಡೀ ಬೀದಿ ತೆರೆದೆ. ಗುಳಿಗೆಯವನ ಒಂದು ನಂಬರನ್ನು ಮಾತ್ರ ಉಳಿಸಿಕೊಂಡೆ. ಗುಮಾಸ್ತೆಗೆ ಫೋನ್ ಮಾಡಿ, ನಿಮ್ಮ ಒಡೆಯನನ್ನು ಕರೆಯಮ್ಮ ಎಂದೆ. ಒಡೆಯ ಬಂದ, ತೊದಲಿದ, ಕ್ಷಮೆ ಕೇಳಿದ. ಮೌನಿಯದು ಇಷ್ಟು ಪೀಚಲು ದನಿ ಎಂದು ನಾನು ಅಂದುಕೊಂಡಿರಲಿಲ್ಲ. ನಾಲ್ಕು ಸಾವಿರ ದೂರನ್ನು ಓದದೆ ಬಿಟ್ಟಿದ್ದಕ್ಕೆ ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಓದದೆ ಬಿಟ್ಟವನು ಅವನೊಬ್ಬನೇ ಅಲ್ಲ. ನನ್ನ ಮೂರು ಸಾಲನ್ನೂ ಅವತ್ತೇ ಬದಲಿಸಿದೆ. ಇದು ಯಂತ್ರದ ಉತ್ತರ, ತಪ್ಪು ನಿಮ್ಮದಲ್ಲದಿರಬಹುದು, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ ಎಂದು ನನ್ನ ಫೋನ್ ನಂಬರು ಹಾಕಿದೆ.

ನಾಲ್ಕು ದಿನ ಅಕ್ಕನ ಮನೆಯಲ್ಲಿದ್ದು ಹಿಂದಿರುಗಿದೆ. ನನ್ನ ಜೊತೆ ಬಂದು ಇರು ಎಂದು ಕೇಳಿದ್ದಕ್ಕೆ, ‘ಆ ಮೆಟ್ಟಿಲು ನೋಡ್ಕೊಂಡು ಕೂರೋಕಾ?’ ಎಂದು ಬರೆದಳು.

ಮನೆಗೆ ಬಂದವನು ಎರಡು ದಿನ ಒಂದೇ ಕೆಲಸ ಮಾಡಿದೆ, ಅಕ್ಕನ ದನಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಹಳೆಯ ಫೋನು, ಭಾವನ ಕಾಲದ ಕ್ಯಾಸೆಟ್ಟು, ಯಾರದೋ ಮದುವೆಯ ವಿಡಿಯೋ. ವಿಡಿಯೋದಲ್ಲಿ ಅವಳು ಮಾತಾಡುತ್ತಿದ್ದಾಳೆ, ಅದರ ಮೇಲೆ ಬೇರೆ ಸಂಗೀತ ಹಾಕಿದ್ದಾರೆ. ಹದಿನೈದು ವರ್ಷದ ಕಳ್ಳಪತ್ರಗಳನ್ನು ಪುರಾವೆಗೆ ಬೇಕು ಎಂದು ಒಂದೂ ಬಿಡದೆ ಜೋಪಾನ ಮಾಡಿದ್ದೇನೆ. ದಿನಕ್ಕೆ ನಲವತ್ತು ನಿಮಿಷದಂತೆ ವರ್ಷಗಟ್ಟಲೆ ಮೇಜಿನ ಮೇಲೆ ಮಾತಾಡಿದವಳದು ಒಂದು ‘ಇಡ್ತೀನಿ’ ಕೂಡ ನನ್ನ ಹತ್ತಿರ ಇಲ್ಲ.

ಈಗ ಬೆಳಿಗ್ಗೆ ಏಳಕ್ಕೆ ನಾನೇ ಫೋನ್ ಮಾಡುತ್ತೇನೆ. ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಊಹೂಂ ಎಂದು ಮಾಡಿಕೊಂಡಿದ್ದೇವೆ. ಮೊದಲ ದಿನ ನಾಲ್ಕೇ ನಿಮಿಷಕ್ಕೆ ನನ್ನ ಬಳಿ ಇದ್ದ ಮಾತೆಲ್ಲ ಮುಗಿಯಿತು. ಆಸ್ಪತ್ರೆಯ ಪ್ರಿಂಟರಿನ ವಿಷಯ ಹೇಳಿದೆ, ಹಾಲಿನವನು ಬೇಗ ಬಂದದ್ದು ಹೇಳಿದೆ. ನಲವತ್ತು ನಿಮಿಷ ಅವಳು ಅದು ಹೇಗೆ ತುಂಬಿಸುತ್ತಿದ್ದಳೋ.

‘‘ಇಡ್ತೀನಿ ಅಕ್ಕಾ,’’ ಅಂದೆ.

ಟಕ್, ಟಕ್.

‘‘ಇನ್ನೇನಿಲ್ಲ ಹೇಳೋಕೆ. ಇಡ್ಲಾ?’’

ಟಕ್, ಟಕ್.

ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದೆ.

‘‘ಇಲ್ಲಿ ಇವತ್ತು ನೀರು ಸಣ್ಣಗೆ ಬರ್ತಿದೆ,’’ ಎಂದು ಶುರು ಮಾಡಿದೆ.